ನಾನು ‘ಸ್ಪೀಡ್’ ಎನ್ನದ ಟೇಕ್

2023ರಲ್ಲಿ ಮೀಂಜದ ಒಂದು ಮನೆಯಲ್ಲಿ ಹಾರರ್ ಚಿತ್ರವೊಂದರ ಚಿತ್ರೀಕರಣ ನಡೆದಿತ್ತು. ನಾನು ಅದರ ಸೌಂಡ್ ರೆಕಾರ್ಡಿಸ್ಟ್. ದೊಡ್ಡ ನಿರ್ಮಾಪಕರಿಲ್ಲದೆ ಗೆಳೆಯರೇ ಕೂಡಿ, ಮೂರು ಬಿಡಿ ಕಥೆಗಳನ್ನು ಸೇರಿಸಿ ಮಾಡುತ್ತಿದ್ದ ಸಿನಿಮಾ. ಮೂರರಲ್ಲೂ ಆಸೆ ಮತ್ತು ಸಾವೇ ವಿಷಯ. ಕೊನೆಯದು ‘ಕುಲೆ ಮದಿಮೆ’ಯ ಕಥೆ. ಮದುವೆಯಾಗದೆ ತೀರಿಕೊಂಡ ಹುಡುಗಿಗೆ, ಹಾಗೆಯೇ ತೀರಿಕೊಂಡ ಹುಡುಗನನ್ನು ಹುಡುಕಿ ನಮ್ಮ ತುಳುವರು ಮಾಡಿಸುವ ಮದುವೆ ಅದು.

ಹುಡುಗಿಯ ತಾಯಿಯ ಪಾತ್ರಕ್ಕೆ ವರ್ಕಾಡಿಯ ಬೀಡಿ ಕಾರ್ಮಿಕೆ ಸುಂದರಿಯಕ್ಕ ಬಂದಿದ್ದರು. ಮದುಮಗಳ ಬದಲಿಗೆ ಮಣೆಯ ಮೇಲಿಟ್ಟ ಸೀರೆಯ ಮುಂದೆ ನಿಂತು ಸತ್ತ ಮಗಳನ್ನು ಹೆಸರು ಹಿಡಿದು ಕರೆಯಬೇಕು, ಅಷ್ಟೇ. ಆರು ಟೇಕ್ ಆದರೂ ಅವರ ಧ್ವನಿ ರೇಷನ್ ಅಂಗಡಿಯಲ್ಲಿ ಹೆಸರು ಕೂಗಿದಂತೆಯೇ ಇತ್ತು. ಬಿಸಿಲು ಇಳಿಯುತ್ತಿತ್ತು, ಮನೆಯನ್ನು ಸಂಜೆಗೇ ಬಿಟ್ಟುಕೊಡಬೇಕಿತ್ತು. ನಿರ್ದೇಶಕ ನಿಖಿಲ್ ಅವರ ಬಳಿ ಹೋಗಿ, “ಅಕ್ಕ, ತೀರಿಹೋದ ನಿಮ್ಮ ಮಗಳ ಹೆಸರೇ ಹೇಳಿ. ಆಗ ಸರಿ ಬರ್ತದೆ,” ಎಂದ. ಅವರು ಆಗಲಿ ಎಂಬಂತೆ ತಲೆಯಾಡಿಸಿದರು. ನನಗೆ ಮೈ ಉರಿಯಿತು. ಆದರೂ ಹೆಡ್‌ಫೋನ್ ಹಾಕಿಕೊಂಡೆ.

ಅವರ ಸೆರಗಿನೊಳಗೆ ಪುಟ್ಟ ಮೈಕ್ ಸಿಕ್ಕಿಸಿದ್ದೆ. ಟೇಕ್‌ಗೆ ಮುಂಚಿನ ಖಾಸಗಿ ಮಾತು ಕಿವಿಗೆ ಬೀಳದಂತೆ ಅದರ ಧ್ವನಿ ತಗ್ಗಿಸಿಡುವುದು ನಮ್ಮ ಮರ್ಯಾದೆ. ಆ ದಿನ ಮರೆತಿದ್ದೆ. ಹೆಡ್‌ಫೋನಿನಲ್ಲಿ ತುಳುವಿನಲ್ಲಿ ಅವರ ಪಿಸುಮಾತು ಕೇಳಿತು: ‘ಪುಷ್ಪಾ, ಈಗ ಕರೆದರೆ ಬರಬೇಡ ಮಗಳೇ. ಇದು ಸುಳ್ಳು ಮದುವೆ. ನಿನಗೆ ಉಪ್ಪಳದಲ್ಲಿ ನಿನ್ನ ಹಾಗೆಯೇ ಹೋದ ಗಂಡು ಗೊತ್ತಾಗಿದ್ದಾನೆ. ಇಲ್ಲಿ ಬಂದು ಕೂತರೆ ಅಲ್ಲಿಗೆ ಹೋಗಲಿಕ್ಕಾಗದು.’

“ರೋಲ್ ಸೌಂಡ್!” ನಿಖಿಲ್ ಕೂಗಿದ.

ಇದಕ್ಕೆ ನಾನು ‘ಸ್ಪೀಡ್’ ಎನ್ನಬೇಕು. ರೆಕಾರ್ಡಿಂಗ್ ಶುರುವಾಗಿದೆ ಎಂದರ್ಥ. ಆ ಮಾತಿಲ್ಲದೆ ಕ್ಯಾಮೆರಾ ಓಡುವುದಿಲ್ಲ. ನಾನು ಹೇಳಲಿಲ್ಲ. ಎಲ್ಲರೂ ನನ್ನತ್ತ ತಿರುಗಿದರು.

“ಎಂತಾಯ್ತು ಮಾರಾಯ್ರೇ? ಬೆಳಕು ಹೋಗ್ತಾ ಉಂಟು!”

ಹೆಡ್‌ಫೋನ್ ತೆಗೆದು ನಿಖಿಲ್ ಕೈಗಿಟ್ಟೆ. ಅದೂ ಮಾಡಬಾರದ ಕೆಲಸವೇ. ಪಿಸುಮಾತು ಇನ್ನೂ ನಿಂತಿರಲಿಲ್ಲ. ಕೇಳುತ್ತ ಕೇಳುತ್ತ ಅವನ ಮುಖ ಸಪ್ಪಗಾಯಿತು. ಮೆಲ್ಲನೆ ಸುಂದರಿಯಕ್ಕನತ್ತ ಹೋದ.

“ಬೇಡ ಅಂತ ಯಾಕೆ ಹೇಳ್ಲಿಲ್ಲ ಅಕ್ಕ?”

“ಬೆಳಗ್ಗಿಂದ ನನ್ನಿಂದಾಗಿಯೇ ನಿಮಗೆಲ್ಲ ತಡ ಆಗ್ತಾ ಉಂಟು. ಹೇಗೆ ಹೇಳುವುದು?”

ಕಥೆಯ ಹುಡುಗಿಯ ಹೆಸರನ್ನೇ ಉಳಿಸಿಕೊಂಡೆವು. ಏಳನೆಯ ಟೇಕೂ ಸಪ್ಪೆಯೇ ಆಯಿತು. ಸಿನಿಮಾದಲ್ಲಿ ಇರುವುದು ಅದೇ. ಕಿವಿಗೆ ಬಿದ್ದದ್ದನ್ನೆಲ್ಲ ಹಿಡಿದಿಡುವುದೇ ನನ್ನ ಕೆಲಸ ಎಂದುಕೊಂಡಿದ್ದವನಿಗೆ, ಯಾವುದನ್ನು ಹಿಡಿಯಬಾರದು ಎಂಬುದೂ ಕೆಲಸದ ಭಾಗ ಎಂದು ಅಂದು ತಿಳಿಯಿತು.

ಮುಂದಿನ ತಿಂಗಳು ಸುಂದರಿಯಕ್ಕ ಪುಷ್ಪಾಳ ಮದುವೆಗೆ ಕರೆದರು. ರೆಕಾರ್ಡರ್ ಮನೆಯಲ್ಲೇ ಬಿಟ್ಟು ಹೋದೆ. ಮಣೆಯ ಮೇಲೆ ಸೀರೆ ಇಟ್ಟು, ಅವರು ಮನೆಯೆಲ್ಲ ಕೇಳುವಂತೆ ಕರೆದರು:

“ಪುಷ್ಪಾ, ಈಗ ಬಾ ಮಗಳೇ.”