ಕೈ ಹೇಳಿದ್ದೆಲ್ಲ ಕೇಳದ ಗಾಡಿ

ಸಾವ್ಕಾರ್ರ ಬಲಗೈ ಹೆಬ್ಬೆರಳಿನ ತುದಿ ಸವೆದು ನುಣುಪಾಗಿತ್ತು. ಹರೆಯದಿಂದ ಬಟ್ಟೆಯ ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು ಉಜ್ಜಿ ಉಜ್ಜಿ ಹಾಗಾಗಿತ್ತು. ಬೆರಳಚ್ಚು ಕೊಡಬೇಕಾದಲ್ಲೆಲ್ಲ ಯಂತ್ರ ಅದನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಅದು ಅವರಿಗೆ ಸಣ್ಣ ಹೆಮ್ಮೆಯೂ ಆಗಿತ್ತು. ಯಾವುದನ್ನೇ ಆಗಲಿ ಕಣ್ಣಿಗಿಂತ ಮೊದಲು ಆ ಬೆರಳಿಗೆ ಕೊಡುತ್ತಿದ್ದರು: ಲಗ್ನಪತ್ರಿಕೆಯ ಕಾಗದ, ನನ್ನ ಅಂಗಡಿಯ ಹತ್ತಿ, ಹೋಟೆಲಿನ ದೋಸೆಯ ಅಂಚು. ರೇಸಿನ ಕಾರಿನ ಟೈರನ್ನೂ ಹಾಗೆಯೇ ಹಿಡಿದು ನೋಡುತ್ತಿದ್ದರು.

ಕೊಟ್ಟೂರಿನ ಬಜಾರಿನಲ್ಲಿ ಅವರದು ಜವಳಿ ಅಂಗಡಿ, ಅದರ ಎದುರಿಗೆ ನನ್ನದು ಔಷಧಿ ಅಂಗಡಿ. ಊರಿಗೆಲ್ಲ ಅವರು ಸಾವ್ಕಾರ್ರು. ನನ್ನನ್ನು ಅವರು ‘ಡಾಕ್ಟ್ರೆ’ ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವವೇನೂ ಇರಲಿಲ್ಲ. ನಾನು ಕೆಮ್ಮಿಗೆ ಕಷಾಯ ಬಿಟ್ಟು ಬೇರೆ ಏನು ಕೊಟ್ಟರೂ ಅನುಮಾನದಿಂದ ನೋಡುವ ಮನುಷ್ಯ ಅವರು.

ಮದುವೆ ಜವಳಿ ತೆಗೆಯಲು ಬರುವ ಮಂದಿಯನ್ನು ಅವರು ನಿಭಾಯಿಸುವ ರೀತಿಯನ್ನು ನನ್ನ ಗಲ್ಲೆಯಿಂದ ಕುಳಿತು ಎಷ್ಟೋ ಸಲ ನೋಡಿದ್ದೇನೆ. ಗಾದಿಯ ಮೇಲೆ ಎರಡೂ ಕಡೆಯ ಹಿರಿಯರು ಕೂತು ಸೀರೆಯ ಮೇಲೆ ಸೀರೆ ಬಿಚ್ಚಿಸುತ್ತಾರೆ. ಉಡಬೇಕಾದ ಹುಡುಗಿ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿರುತ್ತಾಳೆ. ಅವಳನ್ನು ಯಾರೂ ಕೇಳುವುದಿಲ್ಲ, ಕೇಳಿದರೂ ಅವಳು ‘ನಿಮಗ ಹೆಂಗ ಬೇಕೋ ಹಂಗ’ ಎನ್ನುವವಳೇ. ಸಾವ್ಕಾರ್ರು ಮಾತಾಡುತ್ತಲೇ ಅವಳ ಕೈಯನ್ನು ನೋಡುತ್ತಿದ್ದರು. ಮಡಚಿಡುವ ನೆಪದಲ್ಲಿ ಅವಳ ಕೈ ಯಾವ ಸೀರೆಗೆ ತಿರುಗಿ ಹೋಗುತ್ತದೋ ಅದನ್ನೇ ಎತ್ತಿ, ‘ಇದು ಹಿರೇರ ಕಣ್ಣಿಗೆ ಬಿದ್ದಿಲ್ಲಂತ ಕಾಣ್ತೈತಿ’ ಎಂದು ಅಜ್ಜಿಯೊಬ್ಬಳ ತೊಡೆಯ ಮೇಲೆ ಹಾಕುತ್ತಿದ್ದರು. ಅಜ್ಜಿ ತಾನೇ ಆರಿಸಿದೆ ಎಂದು ಬೀಗುತ್ತಿದ್ದಳು. ಹುಡುಗಿ ಬೇಕಾದ್ದನ್ನು ಉಟ್ಟು ಮದುವೆಯಾಗುತ್ತಿದ್ದಳು.

ರಿಮೋಟ್ ಕಾರಿನ ಹುಚ್ಚು ಅವರಿಗೆ ಹತ್ತಿದ್ದು ಸೂರತ್ತಿಗೆ ಮಾಲು ತರಲು ಹೋದಾಗ. ಅಲ್ಲಿ ಯಾವುದೋ ಮೈದಾನದಲ್ಲಿ ದೊಡ್ಡವರೇ ನಿಂತು ಮೊಣಕೈ ಉದ್ದದ ಗಾಡಿಗಳ ರೇಸು ನಡೆಸುವುದನ್ನು ಕಂಡರಂತೆ. ಆ ಸಲ ಸೀರೆಯ ಬೇಲುಗಳ ನಡುವೆ ಒಂದು ಕಾರೂ ಕೊಟ್ಟೂರಿಗೆ ಬಂತು. ಒಬ್ಬರೇ ಓಡಿಸಿದರೆ ಅದು ರೇಸಲ್ಲ ಎಂದು ನನಗೊಂದು ತರಿಸಿಕೊಟ್ಟರು. ಅಂಟುರೋಗ ಅಲ್ಲಿಗೆ ನಿಲ್ಲಲಿಲ್ಲ. ಹರಪನಹಳ್ಳಿಯ ಮೋಟರ್ ರಿವೈಂಡಿಂಗ್ ಅಂಗಡಿಯ ಭಾಯ್, ಹಡಗಲಿಯ ಒಬ್ಬ ಡ್ರಾಯಿಂಗ್ ಮಾಸ್ತರು, ಕೂಡ್ಲಿಗಿ ಮತ್ತು ಕಾನಹೊಸಹಳ್ಳಿಯಿಂದ ಒಂದಿಬ್ಬರು ಸೇರಿ ಕ್ಲಬ್ಬಾಯಿತು. ಕೂಡ್ಲಿಗಿ ರಸ್ತೆಯಲ್ಲಿ ನಿವೇಶನಗಳು ಮಾರಾಟವಾಗದೆ ಬಿದ್ದಿದ್ದ ಲೇಔಟೊಂದರಲ್ಲಿ ಹಳೆಯ ಡ್ರಿಪ್ ಪೈಪು ಹಾಸಿ ದಾರಿ ಮಾಡಿದೆವು. ಮಣ್ಣು ತುಂಬಿದ ಚೀಲಗಳನ್ನು ಹೂತು ಗಾಡಿ ಹಾರಲು ಒಂದು ದಿಬ್ಬ ಎಬ್ಬಿಸಿದೆವು. ಭಾನುವಾರ ರೇಸು, ಆಮೇಲೆ ಮಂಡಕ್ಕಿ ಮಿರ್ಚಿ. ‘ಗಂಡಸರಿಗೆ ಮುಪ್ಪು ಬರೂದು ಕೇಳಿದ್ದೆ, ನಿಮಗ ಬಾಲ್ಯ ಬಂದೈತಿ’ ಎಂದು ನನ್ನ ಹೆಂಡತಿ ಹೇಳಿದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಮ್ಮೊಳಗೆ ಒಳ್ಳೆಯ ಕೈ ಸಾವ್ಕಾರ್ರದೇ. ಹಿಂದಿನ ಎರಡು ಗಾಲಿ ಮಾತ್ರ ಎಳೆಯುವ ಗಾಡಿ ಅವರದು. ಅದು ಬಲು ಚಂಚಲ. ವೇಗ ಒಂದಿಷ್ಟು ಹೆಚ್ಚಾದರೆ ಹಿಂಭಾಗ ಗಿರ್ರನೆ ತಿರುಗಿಬಿಡುತ್ತದೆ. ಅದನ್ನು ಅವರು ಬೆರಳ ತುದಿಯಲ್ಲೇ ಹಿಡಿದಿಡುತ್ತಿದ್ದರು. ಭಾಯ್ ಮತ್ತು ಮಾಸ್ತರು ನಾಲ್ಕೂ ಗಾಲಿ ಎಳೆಯುವ ಗಾಡಿಗೆ ಬದಲಾದಾಗ ಸಾವ್ಕಾರ್ರು ಮಾಡಿದ ಗೇಲಿಗೆ ಲೆಕ್ಕವಿಲ್ಲ. ‘ನಾಕೂ ಗಾಲಿ ಎಳದ್ರ ಓಡಸಾವಗೇನ್ ಕೆಲಸ? ಕುಂತು ಮಂಡಕ್ಕಿ ತಿನ್ನಬೇಕು ಅಷ್ಟ.’

ಅಂಥವರು ಒಂದು ದಿನ ನನ್ನ ಅಂಗಡಿಗೆ ಬಂದು, ‘ಡಾಕ್ಟ್ರೆ, ನಿನಗೊಂದು ನಾಕು ಗಾಲಿದು ಆರಿಸೋಣ ನಡಿ’ ಎಂದರು. ನಾನು ಅದನ್ನು ಕೇಳಿರಲಿಲ್ಲ. ಆದರೆ ಯಾಕೆ ಹೇಳುತ್ತಿದ್ದಾರೆಂದು ಗೊತ್ತಾಯಿತು. ಹಗರಿಬೊಮ್ಮನಹಳ್ಳಿಯ ಔಷಧಿ ಅಂಗಡಿಯವನು ನನ್ನ ಗೆಳೆಯ. ‘ನಿಮ್ಮ ಎದುರಂಗಡಿ ಸಾವ್ಕಾರ್ರು ಗುಳಿಗಿಗೆ ಇಲ್ಲೀತನ ಯಾಕ ಬರ್ತಾರ?’ ಎಂದು ಅವನು ಕೆಲವು ದಿನಗಳ ಹಿಂದಷ್ಟೇ ಕೇಳಿದ್ದ. ಅದು ಕೈನಡುಕದ ರೋಗದ ಗುಳಿಗೆ ಎಂದು ತಿಳಿದ ಮೇಲೆ ನಾನು ಅವರ ಬಲಗೈಯನ್ನು ಗಮನಿಸತೊಡಗಿದ್ದೆ. ಮೀಟರು ಪಟ್ಟಿ ಹಿಡಿದಾಗ ಅದು ನಡುಗುತ್ತಿತ್ತು. ಗಿರಾಕಿ ನೋಡಿದರೆ ಪಟ್ಟಿಯನ್ನು ಕೆಳಗಿಟ್ಟು ಬಟ್ಟೆ ಸವರುತ್ತಿದ್ದರು.

ಇಬ್ಬರೂ ಹರಪನಹಳ್ಳಿಗೆ ಹೋದೆವು. ಭಾಯ್ ಬಳಿ ಎರಡು ಗಾಡಿ ಇದ್ದವು. ಒಂದು ಬೆಲ್ಟಿನದು, ಹಗುರ, ಚುರುಕು. ನಾನು ಮೊಬೈಲಿನಲ್ಲಿ ನೋಡಿ ನೋಡಿ ಮರುಳಾಗಿದ್ದು ಅದಕ್ಕೇ. ಇನ್ನೊಂದು ನಡುವೆ ಕಬ್ಬಿಣದ ಸರಳಿನಿಂದ ಗಾಲಿ ತಿರುಗುವಂಥದ್ದು, ತೂಕದ್ದು, ಗೇರು ಧೂಳಿಗೆ ಸಿಗದಂತೆ ಮುಚ್ಚಿದ್ದು, ನೋಡಲು ಎಮ್ಮೆಕರು. ಅಂಗಡಿಯ ಹಿಂದಿನ ಬಯಲಲ್ಲಿ ಸಾವ್ಕಾರ್ರು ಮೊದಲು ಬೆಲ್ಟಿನದನ್ನು ಓಡಿಸಿದರು. ನೆಟ್ಟಗೆ ಹೋಗಬೇಕಾದಲ್ಲಿ ಅದು ಹಾವಿನಂತೆ ಹರಿಯಿತು. ಅವರ ಬೆರಳಿನ ನಡುಕವನ್ನೆಲ್ಲ ಗಾಲಿಗಳು ಊರಿಗೆ ಸಾರುತ್ತಿದ್ದವು. ಇನ್ನೊಂದು ಸುಮ್ಮನೆ ನೆಟ್ಟಗೆ ಹೋಯಿತು.

‘ಮೊದ್ಲುದ್ದು ಫಾಸ್ಟ್ ಐತೆ ಸಾವ್ಕಾರ್ರೆ, ಮೆಡಿಕಲ್ ಅವ್ರಿಗೆ ಅದೇ ಸರಿ’ ಎಂದು ಹೇಳಿ ಭಾಯ್ ಚಹಾ ತರಲು ಹೋದರು. ಸಾವ್ಕಾರ್ರು ಎರಡೂ ಗಾಡಿಗಳ ಮುಂದೆ ಕುಕ್ಕರಿಸಿದರು. ನಾನು ಅವರದೇ ವಿದ್ಯೆ ಅವರ ಮೇಲೆ ಪ್ರಯೋಗಿಸಿ ಕೈ ನೋಡುತ್ತಾ ನಿಂತೆ. ಕೈ ಎಮ್ಮೆಕರುವಿನ ಕಡೆಗೇ ಹೋಗುತ್ತಿತ್ತು.

‘ಸಾವ್ಕಾರ್ರೆ, ನನಗ ಇದ ಇರ್ಲಿ. ಜೋಡಿ ತರಸೋಣ. ನಿಮಗೊಂದು’ ಎಂದೆ.

ಅವರು ನನ್ನನ್ನು ನೋಡಿದರು. ‘ಬೊಮ್ಮನಹಳ್ಳಿಯಾವ ಹೇಳಿದ್ನೇನು?’

‘ಹೇಳ್ದ. ನನ್ನ ಅಂಗಡಿ ಎದರಿಗೇ ಇತ್ತಲ್ರಿ, ನಾ ಯಾರಿಗೆ ಹೇಳ್ತಿದ್ದೆ?’

‘ನೀ ಹೇಳಾವಲ್ಲ. ಆದ್ರ ಗುಳಿಗಿ ಚೀಟಿ ನೋಡಿದಾವ ಆಮ್ಯಾಲೆ ನನ್ನ ಕೂಡ ಮೆತ್ತಗ ಮಾತಾಡ್ತಾನ. ಅದು ನನಗ ಬ್ಯಾಡ.’ ಗಾಡಿಯ ಟೈರನ್ನು ಹೆಬ್ಬೆರಳಲ್ಲಿ ಒತ್ತಿದರು. ‘ಇಷ್ಟು ದಿನ ಬೆರಳು ಹೇಳಿದ್ದೆಲ್ಲಾ ಕೇಳೋ ಗಾಡಿ ಬೇಕಿತ್ತು. ಈಗ ಒಂಚೂರು ಕಿವುಡು ಇರಬೇಕು ನೋಡು. ಕೈ ಹೇಳಿದ್ದೆಲ್ಲಾ ಕೇಳಬಾರ್ದು, ನಾ ಹೇಳಿದ್ದಷ್ಟ ಕೇಳಬೇಕು.’

ನನಗೆ ಆಗ ದುಃಖವಾಯಿತು. ಅದನ್ನು ಮೆತ್ತಗೆ ಹೇಳುವ ದಾರಿ ಅವರೇ ಮುಚ್ಚಿಬಿಟ್ಟಿದ್ದರಿಂದ ಚಹಾ ಕುಡಿದೆ.

ಒಂದೇ ಥರದ ಎರಡು ಗಾಡಿ ಬಂದವು. ಒಂದರ ಬಿಡಿಭಾಗ ಮುರಿದರೆ ಇನ್ನೊಂದರದು ಹಾಕಲಿಕ್ಕೆ ಬರುತ್ತದೆ, ಅದಕ್ಕೇ ಡಾಕ್ಟ್ರ ಜೊತೆ ತಾನೂ ತೆಗೆದುಕೊಂಡೆ ಎಂದು ಅವರು ಕ್ಲಬ್ಬಿನಲ್ಲಿ ಹೇಳಿದರು. ರಿಮೋಟಿನ ಚಕ್ರ ಸ್ವಲ್ಪ ತಿರುಗಿಸಿದರೆ ಗಾಲಿ ಕದಲದಂತೆ, ಜಾಸ್ತಿ ತಿರುಗಿಸಿದರೆ ಮಾತ್ರ ತಿರುಗುವಂತೆ ನಾವಿಬ್ಬರೇ ಕೂತು ಹೊಂದಿಸಿದೆವು. ನಾಲ್ಕು ಗಾಲಿಯ ಬಗ್ಗೆ ಅವರಾಡಿದ್ದ ಮಾತುಗಳನ್ನೆಲ್ಲ ಮಾಸ್ತರು ಒಂದೊಂದಾಗಿ ಅವರಿಗೇ ತಿರುಗಿಸಿ ಹೇಳಿದರು. ಸಾವ್ಕಾರ್ರು ನಗುತ್ತ ಮಂಡಕ್ಕಿ ತಿಂದರು. ಒಂದು ಮಳೆಗಾಲ, ಒಂದು ಚಳಿಗಾಲ ಹಾಗೇ ಚೆನ್ನಾಗಿ ಕಳೆಯಿತು.

ಒಂದು ಭಾನುವಾರ ಮಿರ್ಚಿ ಅಂಗಡಿಯಲ್ಲಿ ಚಹಾದ ಕಪ್ಪು ಅವರ ಕೈಯಿಂದ ಜಾರಿತು. ಎತ್ತಲು ಹೋದರೆ ಸಾಸರೂ ಬಿತ್ತು. ಎಲ್ಲರೂ ನೋಡಿ, ನೋಡದವರಂತೆ ಮಂಡಕ್ಕಿಗೆ ಕೈ ಹಾಕಿದರು. ನಮ್ಮ ಕಡೆಯ ಜನ ಒಳ್ಳೆಯವರು, ತೊಂದರೆಯೇ ಅದು. ಮುಂದಿನ ವಾರ ರೇಸಿನಲ್ಲಿ ಸಾವ್ಕಾರ್ರ ಗಾಡಿ ಬಂದ ಕೂಡಲೇ ಮುಂದಿದ್ದವು ಪಕ್ಕಕ್ಕೆ ಸರಿದವು. ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಡುವ ಹಾಗೆ ತಿರುವಿನಲ್ಲಿ ದಾರಿ ಬಿಟ್ಟರು. ನನ್ನ ಗಾಡಿ ಅವತ್ತು ಬ್ಯಾಟರಿ ಕೆಟ್ಟು ಕೂತಿತ್ತು. ಸಾವ್ಕಾರ್ರು ಎಲ್ಲರಿಗಿಂತ ಎಷ್ಟೋ ಮುಂದೆ ಬಂದು ಗೆದ್ದರು. ಚಪ್ಪಾಳೆ ಬಿತ್ತು. ಭಾಯ್ ಒಂದು ಶಾಲು ತೆಗೆದು ಹೊದಿಸಿದರು.

ಮರುದಿನ ಅವರು ನನ್ನ ಗಲ್ಲೆಯ ಮುಂದೆ ನಿಂತರು. ಅಷ್ಟು ಸಿಟ್ಟಿನಲ್ಲಿ ನಾನು ಅವರನ್ನು ಅದೇ ಮೊದಲು ಕಂಡದ್ದು.

‘ಶಾಲು ನನ್ನ ಅಂಗಡಿದ! ಮಾಸ್ತರ ಶನಿವಾರ ಬಂದು ಒಯ್ದಿದ್ದ. ಯಾರೋ ರಿಟೈರ್ ಆಗಾಕತ್ಯಾರ ಅಂದ. ನಾನ ಚಲೋದು ನೋಡಿ ಆರಿಸಿ ಕೊಟ್ಟೆ.’

ನನಗೆ ನಗು ಬಂತು, ತಡೆದುಕೊಂಡೆ. ಅವರು ನಗಲಿಲ್ಲ.

‘ಇನ್ನ ಬರಂಗಿಲ್ಲಪಾ ನಾನು. ಸೋಲೂದ ಇಲ್ಲಂದ್ರ ರೇಸಿನಾಗ ಏನ್ ಉಳೀತು?’

‘ಈ ಭಾನುವಾರ ಬರ್ರಿ. ಸೋಲಿಸ್ತೀನಿ’ ಎಂದೆ.

‘ನೀ?’ ಎಂದರು. ಕ್ಲಬ್ಬಿನಲ್ಲಿ ನನ್ನ ಸ್ಥಾನ ಏನೆಂದು ಇಬ್ಬರಿಗೂ ಗೊತ್ತಿತ್ತು.

ಅವರು ಬಂದರು. ಉಳಿದವರು ಮತ್ತೆ ದಾರಿ ಬಿಟ್ಟರು. ನಾನು ಬಿಡಲಿಲ್ಲ. ದಿಬ್ಬ ಹಾರಿ ಇಳಿದ ಮೇಲಿನ ತಿರುವಿನಲ್ಲಿ ಅವರು ಒಂದು ಗೇಣು ಹೊರಕ್ಕೆ ಹೋದರು, ನಾನು ಒಳಗಿನಿಂದ ನುಗ್ಗಿದೆ. ಕೊನೆತನಕ ಅವರನ್ನು ಮುಂದೆ ಬಿಡದೆ ಗೆದ್ದೆ. ಈ ಸಲ ಚಪ್ಪಾಳೆ ಬೀಳಲಿಲ್ಲ. ಭಾಯ್ ನನ್ನ ಹತ್ತಿರ ಬಂದು, ‘ಏನ್ರೀ ಮೆಡಿಕಲ್ಲು, ದೊಡ್ಡೋರು ಅನ್ನೋದು ಬ್ಯಾಡವಾ? ಅವರ ಕೈ ನೋಡಿಲ್ವಾ ನೀವು?’ ಎಂದು ಪಿಸುಗುಟ್ಟಿದರು.

ಪಿಸುಮಾತು ಸಾವ್ಕಾರ್ರಿಗೆ ಕೇಳಿಸಿತು. ನಡುಗುವ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು.

‘ನೋಡ್ರಿ, ಎಲ್ಲಾರೂ ಸರಿಯಾಗಿ ನೋಡಿಬಿಡ್ರಿ. ಇದು ನಡಗತೈತಿ. ದಿನಾ ನಡಗತೈತಿ, ಇನ್ನೂ ನಡಗತೈತಿ. ಈ ಡಾಕ್ಟ್ರ ಒಬ್ಬನ ನನ್ನ ಕೂಡ ರೇಸ್ ಆಡಿದ. ನೀವೆಲ್ಲಾ ನನ್ನ ಮೆರವಣಿಗಿ ಮಾಡಿದ್ರಿ.’

ನಮ್ಮಲ್ಲಿ ಸೋತವರು ಮುಂದಿನ ರೇಸಿಗೆ ಮಗುಚಿದ ಗಾಡಿಗಳನ್ನು ಎತ್ತಿಡಲು ಬಿಸಿಲಿನಲ್ಲಿ ನಿಲ್ಲಬೇಕೆಂಬ ಕಟ್ಟಳೆ. ಮಾಸ್ತರು ‘ನೀವು ಕುಂದರ್ರಿ’ ಎನ್ನುವುದರೊಳಗೆ ಸಾವ್ಕಾರ್ರು ಧೋತರ ಎತ್ತಿ ಕಟ್ಟಿ ದಿಬ್ಬದ ಬಳಿ ಹೋಗಿ ನಿಂತಿದ್ದರು.

ಅಲ್ಲಿಂದ ಮುಂದೆ ದಾರಿ ಬಿಡುವುದು ನಿಂತಿತು. ಅವರು ಸೋತರು, ಮೂರನೆಯವರಾದರು, ನಾಲ್ಕನೆಯವರಾದರು, ಒಂದು ಸಲ ಭಾಯ್ ಗಾಡಿಗೆ ಗುದ್ದಿ ಜಗಳವಾಡಿದರು. ಬಯ್ಯಿಸಿಕೊಂಡು ಹಿಗ್ಗುವ ಮನುಷ್ಯನನ್ನು ನಾನು ನೋಡಿದ್ದು ಅಲ್ಲಿ ಮಾತ್ರ.

ಅವರ ಕೊನೆಯ ರೇಸು ಯುಗಾದಿಯ ಮುಂಚಿನ ಭಾನುವಾರದ್ದು. ಆ ಹೊತ್ತಿಗೆ ಚಕ್ರ ತಿರುಗಿಸಲು ಅವರು ಎರಡು ಕೈ ಬಳಸುತ್ತಿದ್ದರು. ನಾನೇ ಮುಂದಿದ್ದೆ, ಅವರು ಹಿಂದೆಯೇ ಅಂಟಿಕೊಂಡಿದ್ದರು. ಕೊನೆಯ ಸುತ್ತಿನಲ್ಲಿ ಗೆಲುವಿನ ಆಸೆಗೆ ದಿಬ್ಬವನ್ನು ಜೋರಾಗಿ ಹತ್ತಿಸಿದೆ. ಗಾಡಿ ಆಕಾಶಕ್ಕೆ ಹಾರಿ ಬೆನ್ನಡಿಯಾಗಿ ಬಿತ್ತು. ‘ಎತ್ರಿ, ಎತ್ರಿ’ ಎಂದು ನಾನು ಕೂಗುತ್ತಿದ್ದಂತೆ ಸಾವ್ಕಾರ್ರ ಎಮ್ಮೆಕರು ಅದರ ಪಕ್ಕದಲ್ಲೇ ಗುಡುಗುಡು ಹಾದು ಹೋಗಿ ಗೆರೆ ದಾಟಿತು. ನನಗೆ ಮೈಯೆಲ್ಲ ಉರಿಯಿತು. ರಿಮೋಟನ್ನು ಚೀಲದೊಳಗೆ ಎಸೆದೆ. ಗಾಡಿ ಎತ್ತಲು ತಡಮಾಡಿದ್ದಕ್ಕೆ ಮಾಸ್ತರ ಮೇಲೆ ರೇಗಿದೆ. ಸಾವ್ಕಾರ್ರು ಹತ್ತಿರ ಬಂದಾಗ ತಿರುಗಿಯೂ ನೋಡಲಿಲ್ಲ.

ಅವರು ಬಗ್ಗಿ ನನ್ನ ಮುಖವನ್ನು ಚೆನ್ನಾಗಿ ನೋಡಿದರು, ಅಂಗಡಿಯಲ್ಲಿ ಬಣ್ಣ ನೋಡಲು ಬಟ್ಟೆಯನ್ನು ಬೆಳಕಿಗೆ ಹಿಡಿಯುವವರ ಹಾಗೆ.

‘ಖರೇನ ಗೆದ್ದೀನಿ’ ಎಂದರು. ‘ನಿನ್ನ ಮಾರಿ ನೋಡಿದ ಮ್ಯಾಲೆ ಖಾತ್ರಿ ಆತು.’

ಮುಂದಿನ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು. ಮಣ್ಣು ಮಾಡಿ ವಾಪಸ್ ಬರುವಾಗ ದಾರಿಯಲ್ಲಿ ಭಾಯ್ ನನ್ನ ಭುಜದ ಮೇಲೆ ಕೈ ಇಟ್ಟು, ‘ಕೊನೇ ರೇಸು ನೀವು ಅವ್ರಿಗೆ ಬಿಟ್ಟುಕೊಟ್ರಲ್ಲ, ದೊಡ್ಡ ಪುಣ್ಯ ಮಾಡಿದ್ರಿ’ ಎಂದರು. ಬಿಟ್ಟುಕೊಡಲಿಲ್ಲ, ಸೋತೆ ಎಂದು ಹೇಳಿದೆ. ಅವರು ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಮಾಸ್ತರಿಗೂ ಹೇಳಿದೆ. ಅವರೂ ನಂಬಲಿಲ್ಲ. ಈಗ ಯಾರಿಗೂ ಹೇಳಲು ಹೋಗುವುದಿಲ್ಲ. ನಾನು ನಿಜವಾಗಿ ಸೋತಿದ್ದೆ ಎಂದು ನಂಬಬೇಕಾದವರು ಒಬ್ಬರೇ ಇದ್ದರು, ಅವರು ನಂಬಿಕೊಂಡೇ ಹೋದರು.