ಒಂದೇ ಕಿವಿ, ಒಂದೇ ಮೈಕು

ಪಿಟೀಲು ಮೇಷ್ಟ್ರ ಎಡಗಿವಿಯಲ್ಲಿ ಯಾವಾಗಲೂ ಹತ್ತಿ ಇರುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯಲ್ಲಿ ಅದ್ದಿದ ಹತ್ತಿ. ಹತ್ತಿರ ಕೂತರೆ ಒಗ್ಗರಣೆಯ ವಾಸನೆ. ಯಾರಾದರೂ ಮಾತಾಡಿದರೆ ಅವರು ಮುಖ ಆಚೆ ತಿರುಗಿಸಿಬಿಡುತ್ತಿದ್ದರು, ಬಲಗಿವಿ ಮುಂದೆ ಬರಲೆಂದು. ಹೊಸಬರು, ಇವರಿಗೆ ನಮ್ಮ ಮಾತು ಬೇಡವಾಯಿತೇನೋ ಎಂದುಕೊಂಡು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಆಗ ಗೋಡೆ ನೋಡಿಕೊಂಡೇ, "ಹೇಳ್ರೀ, ಕೇಳ್ತಾ ಇದೀನಿ" ಎನ್ನುತ್ತಿದ್ದರು.

ಇಷ್ಟು ಬರೆದ ಮೇಲೆ ಫೋನಿನಲ್ಲಿದ್ದ ಅವರ ಫೋಟೋ ತೆಗೆದು ನೋಡಿದೆ. ಹತ್ತಿ ಬಲಗಿವಿಯಲ್ಲಿದೆ. ನಾನೇ ಕೈ ಚಾಚಿ ತೆಗೆದ, ನಾವಿಬ್ಬರೂ ಇರುವ ಫೋಟೋ ಅದು. ಅಂಥವುಗಳಲ್ಲಿ ಎಡಬಲ ಅದಲುಬದಲಾಗುತ್ತದೆಂದು ಗೊತ್ತಿದ್ದರೂ ಒಂದು ಗಳಿಗೆ ನನ್ನ ಮೇಲೆ ನನಗೇ ನಂಬಿಕೆ ಹೋಯಿತು. ಮುಂದೆ ಬರೆಯುವುದರಲ್ಲೂ ಇಂಥದು ಇರಬಹುದು. ಕಿವಿ ಹೋದದ್ದು ಹೇಗೆಂದು ಕೇಳಿದರೆ ಮೇಷ್ಟ್ರು ಒಮ್ಮೆ ಜ್ವರ ಎಂದಿದ್ದರು, ಇನ್ನೊಮ್ಮೆ ಅಪ್ಪನ ಏಟು ಎಂದಿದ್ದರು, ಮತ್ತೊಮ್ಮೆ, "ನೀನು ಸರಳೆ ನುಡಿಸಿದ್ದು ಕೇಳಿ ಕಣೋ" ಎಂದಿದ್ದರು. ಇವುಗಳಲ್ಲಿ ಒಂದನ್ನು ಆರಿಸಿ ನಿಮಗೆ ಕೊಡುವ ಉತ್ಸಾಹ ನನಗಿಲ್ಲ.

ಅಜ್ಜಂಪುರದಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವರ ಮನೆ. ಕಡೂರಿನಿಂದ ಹೋಗಿ ಬಂದು ಕೆಲವು ವರ್ಷ ಅವರ ಹತ್ತಿರ ಪಿಟೀಲು ಕಲಿತೆ. ಕಲಿತೆ ಎಂಬುದು ಅವರು ಒಪ್ಪುತ್ತಿದ್ದ ಮಾತಲ್ಲ. ಕಮಾನು ಎತ್ತುವ ಮೊದಲು ಪ್ರತಿಸಲವೂ ಒಂದು ನಿಟ್ಟುಸಿರು: "ಸಾಕಾಯ್ತು ಕಣೋ. ಎಲ್ಲಿ, ಇನ್ನೊಂದ್ಸಲ." ಸಾಕಾಯಿತೆಂದು ಹೇಳಿಯೇ ಶುರುಮಾಡುವವರನ್ನು ನಾನು ಬೇರೆ ಕಂಡಿಲ್ಲ. ಅವರಿಗೆ ಸ್ವಲ್ಪವೂ ಸಹಿಸಲಾಗದಿದ್ದದ್ದು ಬಳೆ ಸದ್ದು. ಹುಡುಗಿಯರು ತೊಡೆಯ ಮೇಲೆ ತಾಳ ಹಾಕುವಾಗ ನಡುಮನೆಯ ಆ ತುದಿಯಲ್ಲಿ ಒಂದು ಬಳೆ ಇನ್ನೊಂದಕ್ಕೆ ತಾಗಿದರೂ ಆ ಒಂದು ಕಿವಿಗೆ ಗೊತ್ತಾಗಿಬಿಡುತ್ತಿತ್ತು. ಕಮಾನು ನಿಲ್ಲುತ್ತಿತ್ತು. "ಬಳೆ ಹಿಡ್ಕಳ್ಳೇ. ಪಾಠಕ್ಕೆ ಬಂದ್ಯೋ, ಬಳೆ ಮಲಾರ ಹೊತ್ಕಂಡು ಮಾರಾಕೆ ಬಂದ್ಯೋ?"

ಪಿಟೀಲು ನನಗೆ ಬರಲಿಲ್ಲ. ಈಗ ಕಡೂರಿನಲ್ಲಿ ಆಟೋಗಳಿಗೆ ಕಟ್ಟುವ ಪ್ರಚಾರದ ದನಿ ರೆಕಾರ್ಡು ಮಾಡಿಕೊಡುತ್ತೇನೆ. ಬಟ್ಟೆ ಅಂಗಡಿ, ಹಲ್ಲಿನ ಶಿಬಿರ, ಈರುಳ್ಳಿ ಬೀಜ. ಬೆಳಗಿನಿಂದ "ಬನ್ನಿ, ಬನ್ನಿ" ಎಂಬ ದನಿಯನ್ನು ತಿದ್ದಿ ತೀಡಿ, ಸಂಜೆಯ ಹೊತ್ತಿಗೆ ಯಾರು ಬಂದರೂ ಬೇಡವಾಗಿರುತ್ತದೆ. ಅಂಥ ಒಂದು ಸಂಜೆ ಮೇಷ್ಟ್ರ ಫೋನು ಬಂತು.

"ಲೇ, ಒಂದು ಮೈಕ್ ತಗೋಬೇಕು ಕಣೋ. ಒಂದೇ. ಪಿಟೀಲಿಗೂ ಆಗ್ಬೇಕು, ಗಂಟ್ಲಿಗೂ ಆಗ್ಬೇಕು."

ಎರಡು ಮೈಕು ಇಟ್ಟರೆ ಚೆನ್ನ ಮೇಷ್ಟ್ರೇ, ಒಂದು ನಿಮಗೆ, ಒಂದು ಹಾಡುವವರಿಗೆ ಎಂದೆ.

"ದೇವ್ರು ನಂಗೂ ಎರಡು ಕೊಟ್ಟಿದ್ದ. ಒಂದ್ರಲ್ಲೇ ನಿಮ್ಮ ಅಪಸ್ವರ ಎಲ್ಲಾ ಕೇಳಿಸ್ಕಂಡಿಲ್ವೇನೋ? ಎರಡು ಇಟ್ರೆ ಆಮೇಲೆ ನೀನು ಕೂತ್ಕಂಡು ಇದನ್ನ ಏರ್ಸೋದು, ಅದನ್ನ ಇಳ್ಸೋದು ಮಾಡ್ತೀಯ. ಅದು ನಿನ್ನ ಹಾಡಾಗ್ತದೆ. ಅವ್ವಂದಾಗಲ್ಲ."

ಮೇಷ್ಟ್ರು ರೆಕಾರ್ಡು ಮಾಡಬೇಕೆಂದಿದ್ದದ್ದು ತಮ್ಮ ಅವ್ವ ಸೋಮವಾರದ ಪೂಜೆ ಮುಗಿದ ಮೇಲೆ ಹಾಡುತ್ತಿದ್ದ ಹಾಡುಗಳನ್ನು. ಮಠದ ಯಾವ ಪುಸ್ತಕದಲ್ಲೂ ಇಲ್ಲ. ಹಾಡಿನ ಮಾತು ಪೂರ್ತಿ ಗೊತ್ತಿದ್ದದ್ದು ಮೇಷ್ಟ್ರ ತಂಗಿಗೆ. ಮಟ್ಟು ಸರಿಯಾಗಿ ಗೊತ್ತಿರುವುದು ತನಗೆ ಮಾತ್ರ ಎಂದು ಮೇಷ್ಟ್ರ ಹಟ. ಅವಸರ ಯಾಕೆಂದು ಕೇಳಿದೆ. ಅವರು ಬೇರೆಯವರ ಸುದ್ದಿ ಹೇಳುವಂತೆ ಹೇಳಿದರು:

"ಇರೋ ಕಿವೀನೂ ಬಾಗ್ಲು ಹಾಕ್ಕತಾ ಐತಂತೆ. ಡಾಕ್ಟ್ರು ಅಂದ್ರು. ಪೂರ್ತಿ ಹಾಕ್ಕಳಕ್ಕೆ ಮುಂಚೆ ಇಳಿಸ್ಬಿಡಾನ. ಆಮೇಲೆ ಸರಿ ಬಂತೋ ಇಲ್ವೋ ಅಂತ ನೋಡೋರ್ಯಾರು?"

ತರೀಕೆರೆಯಲ್ಲಿ ಮದುವೆ ಸಭೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ಭಾಯಿಯ ಅಂಗಡಿಗೆ ಇಬ್ಬರೂ ಹೋದೆವು. ಪಿಟೀಲು ಒಂದು ಬಗೆ, ಗಂಟಲು ಒಂದು ಬಗೆ. ಎರಡಕ್ಕೂ ಒಗ್ಗುವ ಒಂದೇ ಮೈಕು ಬೇಕೆಂದಾಗ ಭಾಯಿ ನಕ್ಕರು. "ಅತ್ತೆಗೂ ಸೊಸೆಗೂ ಒಂದೇ ಸೀರೆ ಕೇಳ್ದಂಗಾಯ್ತು ಮೇಷ್ಟ್ರೇ." ಆದರೂ ಒಳಗಿನಿಂದ ಮೂರು ತಂದು ಬೆಂಚಿನ ಮೇಲಿಟ್ಟರು. ಒಂದು ವೇದಿಕೆಯ ಮೈಕು, ಬಾಯಿಗೆ ಒತ್ತಿ ಹಿಡಿಯುವ ಜಾಲರಿ ತಲೆಯದು. ಇನ್ನೊಂದು ದೊಡ್ಡದು, ಬೆಳ್ಳಿ ಬಣ್ಣದ್ದು. ನೊಣ ಕೂತರೂ ಎತ್ತಿ ಹೇಳುತ್ತದಂತೆ. ಮೂರನೆಯದು ಪೆನ್ನಿನಷ್ಟು ಸಣ್ಣ, ಕಪ್ಪು, ಮೈಯೆಲ್ಲ ಗೀರು.

"ಇದು ಬಡಪಾಯಿ" ಎಂದರು ಭಾಯಿ. "ಇದ್ದಿದ್ದನ್ನ ಇದ್ದಂಗೆ ಹೇಳ್ತದೆ. ಅದಕ್ಕೇ ಯಾರಿಗೂ ಬೇಡ. ಅಂಗಡೀಲಿ ಹಲೋ ಹಲೋ ಅಂದ್ರೆ ಎಲ್ಲಾ ಒಂದೇ ಕಾಣ್ತವೆ. ಮನೇಗೆ ತಗೊಂಡೋಗಿ, ಹಾಡ್ಸಿ, ಬೇಕಾದ್ದು ಇಟ್ಕೊಳ್ಳಿ."

ಭಾನುವಾರ ಬೆಳಿಗ್ಗೆ ಅಮೃತಾಪುರದಿಂದ ಬಸ್ಸು ಬದಲಾಯಿಸಿಕೊಂಡು ಮೇಷ್ಟ್ರ ತಂಗಿ ಬಂದರು. ನಾವೆಲ್ಲ ಅವರನ್ನು ಅತ್ತೆ ಎನ್ನುತ್ತಿದ್ದೆವು. ಚಪ್ಪಲಿ ಬಿಡುತ್ತಲೇ, "ಇವನ ಮೈಕಿಗೆ ನನ್ನ ಸೊಂಟ ಬಲಿ" ಎಂದರು.

ಮೈಕು ಎಲ್ಲಿಡಬೇಕೆಂದು ಮೇಷ್ಟ್ರು ಕಂಡುಕೊಂಡ ರೀತಿ ಹೇಳಬೇಕು. ಅತ್ತೆಗೆ ಹಾಡಲು ಹೇಳಿ, ಪಿಟೀಲನ್ನು ನನ್ನ ಕೈಗೆ ಕೊಟ್ಟು ಒಂದೇ ಸ್ವರ ಎಳೆಯುತ್ತಿರು ಎಂದು, ತಾವು ಬಲಗಿವಿ ಮುಂದುಮಾಡಿಕೊಂಡು ನಡುಮನೆಯಲ್ಲಿ ಬಗ್ಗಿ ಬಗ್ಗಿ ಓಡಾಡಿದರು, ಬಿದ್ದ ನಾಣ್ಯ ಹುಡುಕುವವರ ಹಾಗೆ. ಒಂದು ಕಡೆ ನಿಂತು, "ಇಲ್ಲಿ ಎರಡೂ ಒಂದಾಗ್ತವೆ" ಎಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುರುತು ಹಾಕಿದರು. ಆ ಗುರುತಿನ ಮೇಲೆ ಸರದಿಯಂತೆ ಮೂರೂ ಮೈಕು ನಿಲ್ಲಿಸಿ ಅದೇ ಹಾಡು ತೆಗೆದುಕೊಂಡೆವು. ಅಣ್ಣ ಮುಂದೆ, ತಂಗಿ ಒಂದು ಮಾರು ಹಿಂದೆ. ಹಾಗೆ ಕೂರಿ ಎಂದು ಯಾರೂ ಹೇಳಲಿಲ್ಲ. ಆ ಮನೆಯಲ್ಲಿ ಯಾವಾಗಲೂ ಹಾಗೆಯೇ.

ಮೊದಲ ಹಾಡಿಗೇ ಜಗಳ ಹತ್ತಿತು.

"ಕೊನೇ ಸಾಲು ಯಾಕೆ ಇಳುಸ್ತೀಯ? ಅವ್ವ ಅಲ್ಲಿ ನಿಲ್ಲುಸ್ತಿದ್ಲು."

"ನಿಲ್ಲುಸ್ತಿರ್ಲಿಲ್ಲ ಅಣ್ಣ, ಇಳುಸ್ತಿದ್ಲು. ನೀನು ಜಗಲೀಲಿ ಕೂತು ಕೇಳ್ದೋನು. ನಾನು ಮಡ್ಲಲ್ಲಿ ಮಲಗಿ ಕೇಳ್ದೋಳು."

"ಮಲಗಿದ್ದೋಳಿಗೆ ನಿದ್ದೆ ಬಂದಿರ್ತದೆ. ಸಾಕಾಯ್ತು. ಇನ್ನೊಂದ್ಸಲ."

ಆಮೇಲೆ ಸ್ಪೀಕರಿನಲ್ಲಿ ಹಾಕಿ ಕೇಳಿದೆವು. ವೇದಿಕೆಯ ಮೈಕಿನಲ್ಲಿ ಅತ್ತೆ ಬಾವಿಯೊಳಗಿಂದ ಹಾಡಿದಂತಿತ್ತು. "ಇದು ಭಾಷಣದ್ದು, ತೆಗಿ" ಎಂದರು ಮೇಷ್ಟ್ರು. ಸಣ್ಣ ಕಪ್ಪು ಮೈಕಿನದಕ್ಕೆ, "ಕಂಬ್ಳಿ ಹೊದ್ಕಂಡು ಹಾಡ್ದಂಗೈತೆ" ಎಂದರು. ಬೆಳ್ಳಿ ಮೈಕಿನದು ಶುರುವಾದದ್ದೇ ಅವರ ಮುಖ ಅರಳಿತು.

"ಇದು! ಇದು ಕಣೋ. ಎಷ್ಟು ಚೊಕ್ಕವಾಗೈತೆ ನೋಡು. ಒಂದು ಕಸ ಇಲ್ಲ."

ನನಗೆ ಕೇಳುತ್ತಿದ್ದದ್ದೇ ಬೇರೆ. ಸ್ವರಗಳೆಲ್ಲ ತಗಡಿನ ಅಂಚಿನ ಹಾಗೆ ಕುಯ್ಯುತ್ತಿದ್ದವು. ಅದರ ಮೇಲೆ, ಹಾಡಿನ ಉದ್ದಕ್ಕೂ, ಅತ್ತೆ ತೊಡೆಯ ಮೇಲೆ ಹಾಕಿದ ತಾಳದೊಂದಿಗೆ ಗಾಜಿನ ಬಳೆ. ಝಲ್, ಝಲ್. ಹಾಡಿಗಿಂತ ಬಳೆಯೇ ಮುಂದೆ. ಅತ್ತೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅವರು ಮೆಲ್ಲಗೆ ಎಡಗೈಯಿಂದ ಬಲಮಣಿಕಟ್ಟನ್ನು ಮುಚ್ಚಿ ಹಿಡಿದರು, ಸದ್ದು ಈಗ ಅಲ್ಲಿಂದಲೇ ಬರುತ್ತಿದೆ ಎಂಬ ಹಾಗೆ.

"ಏನು?" ಎಂದರು ಮೇಷ್ಟ್ರು.

"ಬಳೆ, ಅಣ್ಣ."

"ಯಾವ ಬಳೆ?"

ಹೊರಗೆ ಈರುಳ್ಳಿ ಲಾರಿಯೊಂದು ಹೋಯಿತು. ಅದು ಹೋಗುವವರೆಗೆ ಅತ್ತೆ ಕಾದರು. ಆಮೇಲೆ ಎದ್ದು ಅಣ್ಣನ ಬಲಗಿವಿಯ ಹತ್ತಿರ ಕೈ ಒಯ್ದು ಅಲ್ಲಾಡಿಸಿದರು. ಮೇಷ್ಟ್ರು ಸ್ಪೀಕರನ್ನೇ ನೋಡುತ್ತಿದ್ದರು.

"ಯಾವ ಬಳೆ ಅಂದೆ?"

ಆಗ ಕಣ್ಣಂಚಿನಲ್ಲಿ ಕೈ ಕಂಡಿರಬೇಕು. ತಿರುಗಿದರು. "ಇನ್ನೊಂದ್ಸಲ" ಎಂದರು. ಅತ್ತೆ ಮತ್ತೆ ಅಲ್ಲಾಡಿಸಿದರು. ಹಸಿರು ಬಳೆಗಳು ಒಂದಕ್ಕೊಂದು ತಾಗುವುದನ್ನು ಮೇಷ್ಟ್ರು ಕಣ್ಣಿನಿಂದ ನೋಡಿದರು. ಬಾಗಿಲು ಹಾಕಿಕೊಳ್ಳುತ್ತಾ ಇದೆ ಎಂದು ಅವರು ತಿಳಿದಿದ್ದರಲ್ಲ, ಅದು ಆಗಲೇ ಬಹಳಷ್ಟು ಹಾಕಿಕೊಂಡಿತ್ತು. ತೆಳುವಾದ, ಮೇಲಿನ ಸದ್ದುಗಳೆಲ್ಲ ಆಚೆಯೇ ಉಳಿದಿದ್ದವು. ಬೆಳ್ಳಿ ಮೈಕು ಅವರಿಗೆ ಇಷ್ಟವಾದದ್ದು ಅದು ಕಿರುಚುತ್ತಿದ್ದುದರಿಂದ.

ನನ್ನ ನೆನಪಿನಲ್ಲಿ ಇಲ್ಲಿ ದೀರ್ಘ ಮೌನವಿದೆ. ಇರಲಾರದು. ಯಾಕೆಂದರೆ ಅತ್ತೆ ಕಾಫಿಗೆ ನೀರಿಟ್ಟು, ಕಾಫಿ ತಂದು, ಸಕ್ಕರೆ ಮರೆತಿದ್ದಕ್ಕೆ ಬೈಸಿಕೊಂಡದ್ದೂ ನೆನಪಿದೆ. ಮೇಷ್ಟ್ರು ಬಸಿಗೆ ಹುಯ್ದ ಕಾಫಿ ಆರಿದ ಮೇಲೆ ಹೇಳಿದರು:

"ಹಂಗಾದ್ರೆ ನೀನೇ ಆರ್ಸು."

"ನಾನಾ?"

"ಇನ್ಯಾರು, ಆ ಆಟೋದೋನಾ?" ಎಂದು ನನ್ನ ಕಡೆ ಕೈ ಮಾಡಿದರು.

ಅತ್ತೆ ಕಪ್ಪು ಮೈಕು ಎತ್ತಿಕೊಂಡರು. "ಇದು. ಇದ್ರಲ್ಲಿ ನಿನ್ನ ಪಿಟೀಲೂ ಪಿಟೀಲಿನಂಗೈತೆ, ನಾನೂ ನನ್ನಂಗಿದೀನಿ. ಆದ್ರೆ ನೀನು ಹಿಂದೆ ಕೂರ್ಬೇಕು. ಮುಂದೆ ಕೂತ್ರೆ ನಿನ್ನ ಪಿಟೀಲು ನನ್ನ ಗಂಟ್ಲು ನುಂಗ್ತೈತೆ. ಇವತ್ತಿಂದಲ್ಲ, ಚಿಕ್ಕಂದಿನಿಂದ."

ಮೇಷ್ಟ್ರು ಚಾಪೆ ಎಳೆದುಕೊಂಡು ಹಿಂದೆ ಹೋದರು. ಬಳೆಯದೊಂದು ಉಳಿಯಿತು. ರೆಕಾರ್ಡಿಂಗ್ ಮುಗಿಯುವವರೆಗೆ ತೆಗೆದಿಡಿ ಎಂದು ನಾನು ನನ್ನ ಕಸುಬಿನ ಮಾತು ಆಡಿಬಿಟ್ಟೆ.

"ಮುತ್ತೈದೆ ಕೈ ಬರಿದು ಮಾಡಿಸ್ತೀಯೇನೋ, ಮೈಕಿಗೋಸ್ಕರ?" ಎಂದರು ಮೇಷ್ಟ್ರು. ಬಳೆ ಸದ್ದಿಗೆ ಜನ್ಮವೆಲ್ಲ ರೇಗಿದ್ದವರು ಪಿಟೀಲು ಒರೆಸುವ ರೇಷ್ಮೆ ಬಟ್ಟೆಯನ್ನು ಎರಡಾಗಿ ಹರಿದು, ತಂಗಿಯ ಎರಡೂ ಮಣಿಕಟ್ಟಿಗೆ ತಾವೇ ಸುತ್ತಿದರು, ಬಳೆ ಒಡೆಯದ ಹಾಗೆ, ನಿಧಾನಕ್ಕೆ.

ಅವತ್ತು ಹಾಡುಗಳೆಲ್ಲ ಆ ಮೈಕಿಗೆ ಇಳಿದವು. ಮೇಷ್ಟ್ರು ಗದ್ದವನ್ನು ಪಿಟೀಲಿಗೆ ಊರಿ ನುಡಿಸಿದರು. ಹಾಗೆ ಮಾಡಿದರೆ ತಮ್ಮ ವಾದ್ಯ ದವಡೆಯ ಮೂಳೆಯಲ್ಲಿ ಕೇಳುತ್ತದಂತೆ. ಈಗ ಆಚೆ ಮುಖಮಾಡಿ ಹಾಡುತ್ತಿದ್ದ ತಂಗಿಯ ದನಿ ಕೇಳುವುದಕ್ಕೆ ಅಂಥ ಮೂಳೆಯಿಲ್ಲ. ಅವರು ಅತ್ತೆಯ ಬೆನ್ನನ್ನೇ ನೋಡುತ್ತಿದ್ದರು. ಉಸಿರು ಎಳೆದುಕೊಳ್ಳಲು ಭುಜ ಏರಿದಾಗ ಕಮಾನು ಸಿದ್ಧವಾಗುತ್ತಿತ್ತು; ಭುಜ ಇಳಿದಾಗ ಸ್ವರ ಹೊರಡುತ್ತಿತ್ತು. ಎಲ್ಲರ ಮುಂದೆ ಕೂತು ಎಲ್ಲರನ್ನೂ ನಡೆಸಿದವರು, ಒಬ್ಬರ ಬೆನ್ನಿನ ಹಿಂದೆ ಕೂತು ಬರಿಗಣ್ಣಿನಲ್ಲಿ ಹಾಡು ಹಿಡಿಯುತ್ತಿದ್ದರು.

ಕಿವಿ ಆ ವರ್ಷವೇ ಪೂರ್ತಿ ಮುಚ್ಚಿತು. ಹತ್ತಿ ಎರಡೂ ಕಡೆಗೆ ಬಂತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಅವರು ಹತ್ತಿ ಇಡುವುದನ್ನೇ ಬಿಟ್ಟರು. ಒಗ್ಗರಣೆ ವಾಸನೆಯಿಲ್ಲದ ಮೇಷ್ಟ್ರ ಪಕ್ಕ ಕೂತರೆ ಬೇರೆ ಯಾರದೋ ಮನೆಗೆ ಬಂದಂತಾಗುತ್ತಿತ್ತು. ಹೋದಾಗಲೆಲ್ಲ ಸ್ಪೀಕರಿನ ಮೇಲೆ ಅಂಗೈ ಇಟ್ಟು, "ಹಾಕು" ಎನ್ನುತ್ತಿದ್ದರು. ಹಾಡು ಮುಗಿದು ಅದುರು ನಿಂತಾಗ, "ಸಾಕಾಯ್ತು" ಎನ್ನುತ್ತಿದ್ದರು. ಒಮ್ಮೆ ಅದರ ಹಿಂದೆ ಬರಬೇಕಾಗಿದ್ದ "ಇನ್ನೊಂದ್ಸಲ" ಬರಲಿಲ್ಲ. ಮುಂದಿನ ಸಲ ನಾನು ಅಜ್ಜಂಪುರಕ್ಕೆ ಹೋದದ್ದು ಅವರನ್ನು ಮಣ್ಣು ಮಾಡುವುದಕ್ಕೆ.

ಮೈಕು ಈಗ ನನ್ನ ಹತ್ತಿರವಿದೆ. ಅದರಲ್ಲೇ ಬಟ್ಟೆ ಅಂಗಡಿ, ಅದರಲ್ಲೇ ಈರುಳ್ಳಿ ಬೀಜ. ಹೊಸ ಜಾಗದಲ್ಲಿ ಅದನ್ನು ನಿಲ್ಲಿಸುವ ಮೊದಲು ಎಡಗಿವಿಗೆ ಬೆರಳಿಟ್ಟುಕೊಂಡು ಕೋಣೆಯೆಲ್ಲ ಬಗ್ಗಿ ಓಡಾಡುತ್ತೇನೆ. ಬಂದ ಗಿರಾಕಿಗಳು ನಗುತ್ತಾರೆ. ನನ್ನ ಕಸುಬಿನಲ್ಲಿ ಕಲಿತದ್ದು ಎಂದು ಹೇಳಿಕೊಳ್ಳಬಹುದಾದದ್ದು ಅದೊಂದೇ, ಅದೂ ಅವರದು.

ಈ ಬರಹಕ್ಕಾಗಿ ರೆಕಾರ್ಡಿಂಗನ್ನು ಮತ್ತೆ ಕೇಳಿದೆ. ಮೊದಲ ಹಾಡಿನ ಕೊನೆಯ ಸಾಲಿನಲ್ಲಿ ಅತ್ತೆ ಸ್ವರ ಇಳಿಸುತ್ತಾರೆ. ಪಿಟೀಲು ಮೇಲಿನ ಸ್ವರದಲ್ಲೇ ನಿಂತಿರುತ್ತದೆ. ತಂಗಿ ಇಳಿಸಿದ್ದು ಮೇಷ್ಟ್ರಿಗೆ ಕೇಳಿಲ್ಲ. ಇಬ್ಬರ ನೆನಪಿನ ಅವ್ವಂದಿರೂ ಒಟ್ಟಿಗೆ ಹಾಡುತ್ತಾರೆ, ಒಂದಿಷ್ಟು ಹೊತ್ತು, ದನಿಗೆ ದನಿ ಉಜ್ಜಿಕೊಂಡು. ಇರುವುದು ಒಂದೇ ಮೈಕಾದ್ದರಿಂದ ಒಬ್ಬರನ್ನು ಏರಿಸಿ ಇನ್ನೊಬ್ಬರನ್ನು ಇಳಿಸಲು ನನ್ನಿಂದಾಗುವುದಿಲ್ಲ.

ಅದಾದ ಮೇಲೆ ಮೇಷ್ಟ್ರ ದನಿ: "ಬಂತಾ?"

ಅತ್ತೆ ತಿರುಗಿ, "ಬಂತು ಅಣ್ಣ" ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ರೆಕಾರ್ಡಿಂಗಿನಲ್ಲಿ ಆ ಮಾತಿಲ್ಲ. ಹೋದ ತಿಂಗಳು ಅಮೃತಾಪುರಕ್ಕೆ ಹೋಗಿ ಅವರನ್ನೇ ಕೇಳಿದೆ.

"ಅಂದಿರಲ್ಲ ಕಣೋ" ಎಂದರು. "ಮೆಲ್ಲಗೆ ಅಂದ್ರೆ ಅವ್ನಿಗೆ ಕೇಳ್ತಿರ್ಲಿಲ್ವಲ್ಲ, ಯಾಕಂತೀನಿ? ಕೈ ಹಿಡ್ಕಂಡಿರ್ತೀನಿ."

ಮನೆಗೆ ಬಂದು ಮತ್ತೆ ಹಾಕಿದೆ. "ಬಂತಾ?" ಆಮೇಲೆ ಸೀರೆ ಸರಿದ ಸದ್ದು. ಆಮೇಲೆ, ಸುತ್ತಿದ್ದ ರೇಷ್ಮೆ ಸಡಿಲಾಗಿರಬೇಕು, ಒಂದೇ ಒಂದು ಬಳೆ.