ಬಲಗೈ ಗೀರಿ ಎಡಗೈ ಅಂದೆ

2001ನೇ ಇಸವಿಯ ಮಾತು. ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದು ಹದಿನೈದು ದಿನವೂ ಆಗಿರಲಿಲ್ಲ. ಕುಂದಾಪುರದ ಕೋಡಿಯಲ್ಲಿ ಒಂದು ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಐಸ್ ಗಡ್ಡೆಗಳನ್ನು ಪುಡಿ ಮಾಡುವ ಯಂತ್ರಕ್ಕೆ ದೂಡುವುದು ನನ್ನ ಕೆಲಸ. ಅವತ್ತು ಯಾವ ಗಡಿಬಿಡಿಯಲ್ಲಿದ್ದೆನೋ, ಗಡ್ಡೆಯ ಜೊತೆ ಎಡಗೈಯೂ ಒಳಗೆ ಹೋಯಿತು. ಕಿರುಬೆರಳು, ಉಂಗುರ ಬೆರಳು ಎರಡೂ ಬುಡದಿಂದಲೇ ಹೋದವು. ಹೆಬ್ಬೆರಳು ಮತ್ತು ಎರಡು ಬೆರಳು ಉಳಿದದ್ದೇ ಪುಣ್ಯ ಎಂದರು ಡಾಕ್ಟರು.

ಪುಣ್ಯವೋ ಪಾಪವೋ ನನಗೆ ಗೊತ್ತಿಲ್ಲ. ಏಕೆಂದರೆ ನಾನು ಬೇಸ್ ಗಿಟಾರ್ ನುಡಿಸುವವ. ವಾರವೆಲ್ಲ ಐಸು, ಶನಿವಾರ ಬಂತೆಂದರೆ ರಸಮಂಜರಿ. ಬೇಸ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ನಾಲ್ಕು ದಪ್ಪ ತಂತಿಯ ಗಿಟಾರ್. ಹಾಡಿನ ಅಡಿಯಲ್ಲಿ ಧುಂ ಧುಂ ಎನ್ನುತ್ತಾ ಇರುತ್ತದೆ. ಇದ್ದಾಗ ಯಾರೂ ಗಮನಿಸುವುದಿಲ್ಲ, ನಿಂತಾಗ ಮಾತ್ರ ಏನೋ ಕಡಿಮೆಯಾಯಿತಲ್ಲ ಅನ್ನಿಸುತ್ತದೆ. ಬಲಗೈ ತಂತಿ ಮೀಟಿದರೆ ಸಾಕು, ನಿಜವಾದ ಕೆಲಸವೆಲ್ಲ ತಂತಿ ಒತ್ತುವ ಎಡಗೈಯದು.

ಗಾಯ ಒಣಗಿದ ಮೇಲೆ ನಮ್ಮ ತಂಡದ ಯಜಮಾನ ರಮೇಶಣ್ಣನ ಹತ್ತಿರ ಹೋದೆ. ಗಿಟಾರ್ ತಂಡದ್ದೇ ಆಗಿತ್ತು. ಹಿಡಿದು ನೋಡಿದೆ, ಆಗಲಿಲ್ಲ. ಉದ್ದದ ಹಿಡಿ, ಎರಡು ಬೆರಳು ಎಲ್ಲಿಗೆ ಮುಟ್ಟೀತು? ರಮೇಶಣ್ಣ ಮೆಲ್ಲನೆ ಅದನ್ನು ನನ್ನ ಹೆಗಲಿನಿಂದ ತೆಗೆದರು.

"ಭಾಸ್ಕರ, ಬೇಜಾರ್ ಮಾಡ್ಕಬೇಡ. ಈಗ ಕೀಬೋರ್ಡ್ ಒಳಗೇ ಬೇಸೂ ಬತ್ತ್. ನೀ ಇನ್ನ್ ಮೈಕ್ ಸೆಟ್ ಕಂಡ್ಕೊ" ಎಂದರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ನಿಮ್ ಮೈಕ್ ಸೆಟ್ ನೀವೇ ಹೊತ್ಕಣಿ" ಎಂದು ಹೇಳಿ ಬಂದುಬಿಟ್ಟೆ. ಆಮೇಲೆ ಅವರೂ ಕರೆಯಲಿಲ್ಲ, ತಂಡದ ಬೇರೆಯವರೂ ಮನೆ ಕಡೆ ಬರಲಿಲ್ಲ. ಬರಬೇಡಿ ಎಂದು ನಾನೇನೂ ಹೇಳಿರಲಿಲ್ಲ.

ಫ್ಯಾಕ್ಟರಿಯವರು ನನ್ನನ್ನು ಗೇಟಿನ ಬಳಿ ಕುರ್ಚಿ ಹಾಕಿ ಕೂರಿಸಿದರು. ಮೊದಲೆಲ್ಲ ದಾರಿಯಲ್ಲಿ "ಹ್ವಾಯ್ ಭಾಸ್ಕರ" ಎಂದು ಕೂಗುತ್ತಿದ್ದವರು ಈಗ ಮೊದಲು ಕೈ ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ನಾನು ಎಡಗೈಯನ್ನು ಪ್ಯಾಂಟಿನ ಕಿಸೆಯಲ್ಲಿ ಹಾಕಿದವ ಮತ್ತೆ ತೆಗೆಯಲೇ ಇಲ್ಲ. ಮನೆಯಲ್ಲಿ ಅಕ್ಕ ಮತ್ತು ನಾನು, ಇಬ್ಬರೇ. ಅವಳು ಬೆಳಿಗ್ಗೆ ಮೀನು ಬುಟ್ಟಿ ಹೊತ್ತು ಹೋದರೆ ಬರುವಾಗ ಮಧ್ಯಾಹ್ನ ದಾಟುತ್ತಿತ್ತು. ದಿನಕ್ಕೆ ನಾನು ಆಡುತ್ತಿದ್ದ ಮಾತು ಹತ್ತೋ ಹನ್ನೆರಡೋ.

ಬ್ರಹ್ಮಾವರದಲ್ಲಿ ಮರಗೆಲಸದ ಒಬ್ಬರು ಆಚಾರ್ರು ಕೈಯಲ್ಲೇ ಗಿಟಾರ್ ಮಾಡುತ್ತಾರೆ ಎಂದು ತಂಡದಲ್ಲಿದ್ದಾಗ ಕೇಳಿದ್ದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಮುಂಬೈಯಲ್ಲಿ ಅದೇ ಕೆಲಸ ಮಾಡಿ, ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಬಂದವರು. ಹೊಟ್ಟೆಪಾಡಿಗೆ ಬಾಗಿಲು, ಕಿಟಕಿ. ಮನಸ್ಸಿಗೆ ವರ್ಷಕ್ಕೊಂದೋ ಎರಡೋ ಗಿಟಾರ್. ಫ್ಯಾಕ್ಟರಿಯಿಂದ ಪರಿಹಾರ ಬಂದಾಗ ನನಗೆ ನೆನಪಾದದ್ದು ಅವರೇ. ನನ್ನದೇ ಒಂದು ಬೇಸ್ ಮಾಡಿಸಬೇಕು, ರಮೇಶಣ್ಣನ ಎದುರು ನುಡಿಸಿ ತೋರಿಸಬೇಕು ಎಂಬ ಹಟ ಹಿಡಿಯಿತು.

ಆದರೆ ಹೋಗುವ ದಿನ ಧೈರ್ಯ ಕೈಕೊಟ್ಟಿತು. ಈ ಕೈ ನೋಡಿ ಅವರೂ ಬೇಡ ಎಂದುಬಿಟ್ಟರೆ? ಗಾಯ ಒಣಗಿ ಮೂರು ತಿಂಗಳಾಗಿತ್ತು. ಆದರೂ ಮೆಡಿಕಲ್ ಶಾಪಿನಿಂದ ಹೊಸ ಬ್ಯಾಂಡೇಜ್ ತಂದು ಕೈಗೆಲ್ಲ ಸುತ್ತಿಕೊಂಡು ಬಸ್ಸು ಹತ್ತಿದೆ.

ಆಚಾರ್ರು ಅರವತ್ತು ದಾಟಿದವರು, ಸಪೂರ ಆಳು. ಮನೆಯ ಪಕ್ಕದ ಹಂಚಿನ ಮಾಡಿನಡಿ ಒಬ್ಬರೇ ಕೂತು ಕಿಟಕಿಯ ಚೌಕಟ್ಟು ಕೀಸುತ್ತಿದ್ದರು. ವಿಷಯ ಹೇಳಿದ್ದೇ ತಡ, ಮುಖ ಅರಳಿತು.

"ಬೇಸಾ? ಕೂಕಣಿ, ಕೂಕಣಿ. ಕೈಗೆ ಎಂತ ಆಯ್ತ್?"

"ಚೂರ್ ಗಾಯ. ಎಂಟ್ ದಿನದಂಗೆ ಗುಣ ಆತ್ತ್."

"ಹಾಂಗಾರೆ ತೊಂದ್ರೆ ಇಲ್ಲೆ. ಕಾಣಿ, ನಂದೊಂದ್ ಕ್ರಮ ಇತ್ತ್. ಮಾಡ್ಸುವರು ಐತವಾರ ಐತವಾರ ಇಲ್ಲಿಗೆ ಬರ್ಕ್. ನಾ ಕೀಸ್ತೆ, ನೀವ್ ಹಿಡ್ದ್ ಕಾಣಿ. ದಪ್ಪ ಇದ್ರೆ ಮತ್ತ್ ಕೀಸ್ತೆ. ಕೈಗೆ ಸಮಾ ಕೂರುವರಿಗೆ ಕೀಸುದೇ. ಹಾಂಗೇ ಚಾ ಕುಡ್ಕಂಡ್, ಮಾತಾಡ್ಕಂಡ್ ಆತ್ತ್."

"ಐತವಾರ ರಜೆ ಇಲ್ಲೆ ನಂಗೆ. ಬಪ್ಪುಕ್ ಆತಿಲ್ಲೆ" ಎಂದೆ. ಹಸಿ ಸುಳ್ಳು. ಭಾನುವಾರ ನನಗೆ ರಜೆಯೇ ಇತ್ತು.

ಅವರ ಮುಖ ಸಪ್ಪೆಯಾಯಿತು. ಸ್ವಲ್ಪ ಹೊತ್ತು ನನ್ನ ಬ್ಯಾಂಡೇಜನ್ನೇ ನೋಡಿ, "ಹಾಂಗಾರೆ ಗಾಯ ಗುಣ ಆದ್ಮೇಲೆ ಎಡಗೈ ಒಂದ್ ಕಾಗ್ದದ್ ಮೇಲೆ ಇಟ್ಟ್, ಸುತ್ತ ಪೆನ್ಸಿಲಂಗೆ ಗೀರಿ, ಅಂಚೆಗೆ ಹಾಕಿ" ಎಂದರು.

ಆ ಕಾಗದದ ಕಥೆ ಹೇಳಲು ನನಗೆ ಈಗಲೂ ನಾಚಿಕೆ. ಅಕ್ಕ ಇಲ್ಲದ ಹೊತ್ತು ನೋಡಿ, ಕಾಗದದ ಮೇಲೆ ನಾನು ಇಟ್ಟದ್ದು ಬಲಗೈ. ಎಡಗೈಯ ಮೂರು ಬೆರಳಿನಲ್ಲಿ ಪೆನ್ಸಿಲ್ ಹಿಡಿದು ಸುತ್ತ ಗೀರಿದೆ. ಆಮೇಲೆ ಕಾಗದ ಮಗುಚಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಬೆಳಕಿನಲ್ಲಿ ಕಂಡ ಗೆರೆಯ ಮೇಲೆಯೇ ಈ ಬದಿಯಲ್ಲಿ ಇನ್ನೊಮ್ಮೆ ಗೀರಿದೆ. ಹಿಂದಿನ ಗೆರೆಯನ್ನು ರಬ್ಬರಿನಿಂದ ಉಜ್ಜಿ ತೆಗೆದೆ. ಆಯಿತಲ್ಲ, ಐದು ಬೆರಳಿನ ಎಡಗೈ! ಅದನ್ನು ನೋಡುತ್ತಾ ಕೂತವನಿಗೆ ಅಳು ತಡೆಯಲಾಗಲಿಲ್ಲ. ಮರುದಿನ ಅದನ್ನೇ ಅಂಚೆಗೆ ಹಾಕಿದೆ.

ಬೆರಳಿಲ್ಲದವ ಐದು ಬೆರಳಿನ ಅಳತೆ ಕೊಟ್ಟು ಆ ಗಿಟಾರನ್ನು ಏನು ಮಾಡುತ್ತೀಯ ಮಾರಾಯಾ ಎಂದು ನೀವು ಕೇಳಬಹುದು. ನಿಜ, ತಲೆ ಇದ್ದವ ಮಾಡುವ ಕೆಲಸವಲ್ಲ. ಆದರೆ ನನ್ನನ್ನು ಮೊದಲಿನ ಹಾಗೆ ನೋಡುವವರು ಈ ಪ್ರಪಂಚದಲ್ಲಿ ಒಬ್ಬರಾದರೂ ಇರಲಿ ಎಂದು ಆಸೆಯಾಗಿತ್ತು. ಆಚಾರ್ರಿಗೆ ನಾನು ಪೂರ್ತಿ ಕೈ ಇರುವ ಭಾಸ್ಕರ. ಅಷ್ಟು ಸಾಕಿತ್ತು ನನಗೆ.

ಒಂಬತ್ತು ತಿಂಗಳು ಹಿಡಿಯಿತು. ನಡುವೆ ಮೂರು ಸಲ ಅವರು ಫ್ಯಾಕ್ಟರಿಗೆ ಫೋನ್ ಮಾಡಿದರು. "ಹಲಸಿನ ಹಲ್ಗಿ ಲಾಯ್ಕ್ ಸಿಕ್ಕಿತ್ತ್, ಒಂದ್ಸಲ ಬಂದ್ ಕಾಣಿ" ಎಂದರು. "ಹಿಡಿ ಕೀಸುಕ್ ಸುರು ಮಾಡಿದೆ, ಈ ಐತವಾರ ಆದ್ರೂ ಬರ್ಲಕ್ಕಾ?" ಎಂದರು. ಪ್ರತಿ ಸಲವೂ ಕೆಲಸ, ಕೆಲಸ ಎಂದೆ. ಆ ಭಾನುವಾರಗಳಲ್ಲಿ ನಾನು ಎಲ್ಲಿದ್ದೆ ಗೊತ್ತೇ? ಕೋಡಿಯ ದಡದ ಹೊಯಿಗೆಯ ಮೇಲೆ, ಕಿಸೆಯಲ್ಲಿ ಕೈ ಹಾಕಿಕೊಂಡು, ಕಡಲು ನೋಡುತ್ತಾ ಒಬ್ಬನೇ ಕೂತಿರುತ್ತಿದ್ದೆ. ಮಾತಾಡಿಸಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಯಾರಾದರೂ ದೂರದಿಂದ ಬರುವುದು ಕಂಡರೆ ನಾನೇ ಎದ್ದು ಹೋಗುತ್ತಿದ್ದೆ.

ಕೊನೆಗೆ "ಆಯ್ತ್, ತಕಂಡ್ ಹೋಯ್ಲಕ್ಕ್" ಎಂದು ಫೋನ್ ಬಂತು. ಇವತ್ತು ನಾಳೆ ಎನ್ನುತ್ತಾ ಮೂರು ವಾರ ದೂಡಿದೆ. ಅಕ್ಕನಿಗೆ ತಾಳ್ಮೆ ತಪ್ಪಿತು. "ಮಾಡ್ಸುಕ್ ಗೊತ್ತಾಯ್ತ್, ತಕಂಡ್ ಬಪ್ಪುಕ್ ಗೊತ್ತಾತಿಲ್ಲ್ಯಾ? ನೀ ಹೋತಿಲ್ಲೆ ಅಂದ್ರೆ ನಾ ಹೋತೆ ಕಾಣ್" ಎಂದು ಸೆರಗು ಸಿಕ್ಕಿಸಿದಳು. ಅವಳು ಹೋದರೆ ಬೆರಳಿನ ಕಥೆಯೆಲ್ಲ ಊದಿಬಿಡುತ್ತಾಳೆ. ಅದಕ್ಕಿಂತ ನಾನೇ ವಾಸಿ ಎಂದು ಹೊರಟೆ. ಹತ್ತು ತಿಂಗಳಾದ ಮೇಲೆ ಬ್ಯಾಂಡೇಜ್ ಸುತ್ತುವ ಹಾಗೂ ಇರಲಿಲ್ಲ.

ಆಚಾರ್ರು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟದ್ದನ್ನು ಬಿಚ್ಚಿದರು. ಹಲಸಿನ ಮರದ ಹಳದಿ ಬಣ್ಣ, ತೆಳ್ಳಗೆ ಪಾಲಿಶ್. ಅಂಥ ಚಂದದ ವಸ್ತು ನನ್ನ ಹೆಸರಿನಲ್ಲಿ ಇದೆ ಎಂದು ನಂಬಲಾಗಲಿಲ್ಲ.

"ಹಿಡ್ಕಣಿ" ಎಂದರು.

"ಮನೆಗ್ ಹೋಯಿ ಕಾಂತೆ" ಎಂದು ಬಲಗೈ ಮಾತ್ರ ಚಾಚಿದೆ.

ಅವರು ಕೊಡಲಿಲ್ಲ. "ಎಡಗೈಯೂ ಹೊರಗ್ ಬರ್ಲಿ ಮಾರಾಯ್ರೆ. ನಂಗ್ ಗೊತ್ತಿತ್ತ್" ಎಂದರು.

ಕೈ ಹೊರಗೆ ತೆಗೆದೆ. ಅವರು ಕೈಯನ್ನು ನೋಡಲೂ ಇಲ್ಲ, ಗಿಟಾರಿನ ಪಟ್ಟಿಯನ್ನು ನನ್ನ ಹೆಗಲಿಗೆ ಹಾಕಿದರು. ಹಿಡಿಯ ಮೇಲೆ ಬೆರಳಿಟ್ಟೆ. ಹಿಡಿ ಗಿಡ್ಡವಾಗಿತ್ತು, ತೆಳ್ಳಗಿತ್ತು. ಹೆಬ್ಬೆರಳು ಕೂರುವಲ್ಲಿ ಹಿಂದಿನಿಂದ ಒಂದಿಷ್ಟು ಕೀಸಿ ಜಾಗ ಮಾಡಿದ್ದರು. ಮೊದಲು ನಾಲ್ಕು ಬೆರಳು ಬೇಕಾಗುತ್ತಿದ್ದ ಕಡೆ ಎರಡೇ ಬೆರಳು ಹೋಗಿ ಮುಟ್ಟಿದವು. ಐದು ಬೆರಳಿನ ಅಳತೆ ಕೊಟ್ಟವನಿಗೆ ಮೂರು ಬೆರಳಿನ ಗಿಟಾರ್ ಮಾಡಿಟ್ಟಿದ್ದರು!

"ಹ್ಯಾಂಗ್ ಗೊತ್ತಾಯ್ತ್?" ಎಂದೆ.

"ಗಾಯದ ಬೆರಳಿಗೆ ಪಟ್ಟಿ ಕಟ್ರೆ ದಪ್ಪ ಕಾಣ್ಕ್. ನಿಮ್ದ್ ಕಿರುಬೆರಳಿನ್ ಬದಿ ಖಾಲಿ ಇದ್ದಿತ್ತ್. ಮತ್ತೆ ಕಾಗ್ದದ್ ಹಿಂದ್ ರಬ್ಬರ್ ಉಜ್ಜಿದ್ ಗುರ್ತ್ ಇದ್ದಿತ್ತ್. ಬಲಗೈ ಗೀರಿ ಮಗ್ಚಿದ್ರಿ. ನಾ ಆಚಾರಿ ಅಲ್ದಾ, ಗೆರಿ ಕಂಡ್ರೆ ಗೊತ್ತಾತಿಲ್ಲ್ಯಾ?"

ನಾಚಿಕೆ ಹೋಗಿ ಸಿಟ್ಟು ಬಂತು. ಅದೇ ನನ್ನ ಹಾಳು ಸ್ವಭಾವ. "ಗೊತ್ತಿದ್ರೂ ಸುಮ್ನೆ ಇದ್ರಿಯಾ? ನನ್ನ್ ಮಂಗ ಮಾಡಿದ್ದಾ?" ಎಂದು ಕೂಗಿದೆ.

ಅವರು ನಗಲಿಲ್ಲ, ಬೇಜಾರೂ ಮಾಡಲಿಲ್ಲ. "ನಾ ಬೆರಳಿನ್ ಸುದ್ದಿ ಕೇಂಡಿದ್ರೆ ನೀವ್ ಮತ್ತ್ ಈ ಬದಿಗ್ ತಲೆ ಹಾಕ್ತಿದ್ರಿಯಾ?" ಎಂದರು.

ಆಮೇಲೆ ಅವರು ತಮ್ಮ ಎಡಗೈ ಎತ್ತಿ, ಕಿರುಬೆರಳು, ಉಂಗುರ ಬೆರಳು ಎರಡನ್ನೂ ಮಡಚಿ ತೋರಿಸಿದರು. "ಐತವಾರ ಬಾಗಿಲ್, ಕಿಟಕಿ ಕೆಲ್ಸ ಇಲ್ಲೆ. ಈ ಎರಡ್ ಬೆರಳಿಗ್ ಬಟ್ಟಿ ಕಟ್ಕಂಡ್ ಕೂರ್ತಿದ್ದೆ. ಚೂರ್ ಕೀಸುದ್, ಹಿಡ್ದ್ ಕಾಂಬುದ್, ಮತ್ತ್ ಕೀಸುದ್. ಎಲ್ಲಾ ಅಂದಾಜ್. ನೀವ್ ಬಂದಿದ್ರೆ ಅಂದಾಜ್ ಮಾಡ್ಕ್ ಅಂದ್ ಇರ್ಲಿಲ್ಲೆ. ನಂಗೂ ಮಾತಾಡುಕ್ ಒಂದ್ ಜನ ಆತಿದ್ದಿತ್ತ್."

ಕೊನೆಯ ಮಾತನ್ನು ಅವರು ಮೆಲ್ಲನೆ, ಬಗ್ಗಿ ಮರದ ಪುಡಿ ಗುಡಿಸುತ್ತಾ ಹೇಳಿದರು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನನ್ನೊಬ್ಬನಿಗೇ ಯಾರೂ ಇಲ್ಲ ಎಂದುಕೊಂಡಿದ್ದೆ ನಾನು.

ಅವರಲ್ಲಿ ಒಂದು ಹಳೆಯ ಸ್ಪೀಕರ್ ಪೆಟ್ಟಿಗೆ ಇತ್ತು. ವಯರು ಸಿಕ್ಕಿಸಿ "ನುಡ್ಸಿ" ಎಂದರು. ಏನು ನುಡಿಸುವುದು? ಬೇಸ್ ಒಂದನ್ನೇ ಯಾರು ಕೇಳುತ್ತಾರೆ? ರಸಮಂಜರಿಯಲ್ಲಿ ನುಡಿಸುತ್ತಿದ್ದ ಹಾಡುಗಳ ಅಡಿಯ ಧುಂ ಧುಂ ಮಾತ್ರ ಒಂದಾದ ಮೇಲೊಂದು ನುಡಿಸಿದೆ. ಬೆರಳು ತಪ್ಪಿದವು, ಮತ್ತೆ ಹಿಡಿದೆ. ಆಚಾರ್ರು ಚಾ ತಣಿದರೂ ಮುಟ್ಟದೆ ಒಂದು ಗಂಟೆ ಕೂತು ಕೇಳಿದರು.

"ಯಾವ್ ಹಾಡ್ ಅಂದ್ ಒಂದೂ ಗೊತ್ತಾಯಿಲ್ಲೆ. ಆದ್ರೂ ಲಾಯ್ಕಿತ್ತ್" ಎಂದರು. ಅಪಘಾತದ ನಂತರ ನಾನು ಮೊದಲ ಸಲ ಹೊಟ್ಟೆ ತುಂಬಾ ನಕ್ಕದ್ದು ಆವಾಗಲೇ.

ಹಿಡಿಯ ಮೇಲ್ಭಾಗ ಕೂದಲೆಳೆಯಷ್ಟು ದಪ್ಪ ಎನಿಸಿತು. "ಮುಂದಿನ ಐತವಾರ ಬನ್ನಿ, ಕೀಸಿ ಕೊಡ್ತೆ" ಎಂದರು. ಹೋದೆ. ಮೂರು ಸಲ ಕೀಸುಳಿ ಎಳೆದದ್ದಕ್ಕೇ ಸರಿಯಾಯಿತು. ಕೆಲಸ ಮುಗಿದಿದ್ದರೂ ಅದರ ಮುಂದಿನ ಭಾನುವಾರ ಹೋದೆ, ಅದರ ಮುಂದಿನದಕ್ಕೂ ಹೋದೆ. ಅವರು ಮುಂಬೈಯ ಕಥೆ ಹೇಳುತ್ತಿದ್ದರು, ನಾನು ನುಡಿಸುತ್ತಿದ್ದೆ. ಆಮೇಲೊಂದು ಭಾನುವಾರ ಹೋದಾಗ ಮನೆಗೆ ಬೀಗ. ಎದೆನೋವು ಬಂತೆಂದು ತಮ್ಮನ ಮಕ್ಕಳು ಮುಂಬೈಗೆ ಕರೆದುಕೊಂಡು ಹೋದರಂತೆ. ತಿಂಗಳೊಳಗೆ ಅಲ್ಲೇ ತೀರಿಕೊಂಡ ಸುದ್ದಿ ಬಂತು.

ರಮೇಶಣ್ಣನ ಎದುರು ನುಡಿಸಿ ತೋರಿಸಬೇಕೆಂಬ ಹಟ ಆಮೇಲೆ ಎಲ್ಲಿ ಹೋಯಿತೋ ಗೊತ್ತಿಲ್ಲ. ತೆಕ್ಕಟ್ಟೆಯ ಇನ್ನೊಂದು ತಂಡದವರು ಕರೆದರು. ಏಳೆಂಟು ವರ್ಷ ಅವರ ಜೊತೆ, ಎಲ್ಲರಿಗೂ ಕಾಣುವ ಹಾಗೆ ಸ್ಟೇಜಿನ ಮುಂದೆಯೇ ನಿಂತು ನುಡಿಸಿದೆ. ಈಗ ಕೈ ಯಾರು ನೋಡಿದರೂ ನನಗೆ ಏನೂ ಅನಿಸುವುದಿಲ್ಲ.

ಅನಿಸುವುದು ಬೇರೆಯೇ. ಒಂಬತ್ತು ತಿಂಗಳೆಂದರೆ ಹತ್ತಿರ ಹತ್ತಿರ ನಲವತ್ತು ಭಾನುವಾರ. ಅಷ್ಟೂ ಭಾನುವಾರ ಅಲ್ಲಿ ಅವರು ಬೆರಳಿಗೆ ಬಟ್ಟೆ ಕಟ್ಟಿಕೊಂಡು ಒಬ್ಬರೇ ಕೂತಿದ್ದರು, ಇಲ್ಲಿ ನಾನು ಕೈ ಅಡಗಿಸಿಕೊಂಡು ಒಬ್ಬನೇ ಕೂತಿದ್ದೆ. ನಮ್ಮಿಬ್ಬರ ನಡುವೆ ಇದ್ದದ್ದು ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ ಮಾತ್ರ.